ಕೌದಿಯ ಚೀಟಿಗೆ ನಾನು ಬರೆದ ಒಂದು

ಶಹಾಪುರದ ನಮ್ಮ ಮನೆಯಲ್ಲಿ ಸೊಸೆ ಆನ್‌ಲೈನಿನಲ್ಲಿ ಕೌದಿ ಮಾರುತ್ತಾಳೆ. ಮಡಿಚಿ ಕಟ್ಟಿಟ್ಟ ಪ್ರತಿ ಕೌದಿಗೂ ಒಂದು ನಂಬರಿನ ಚೀಟಿ. ಬರೆಯುವವಳು ಪಕ್ಕದ ಮನೆಯಾಕೆ. ಒಂದು ದೊಡ್ಡ ಕೌದಿಗೆ ಐನೂರು ಅಂತ ನಂಬರು ಬಂದಿತ್ತು. ಮದುವೆಯಲ್ಲಿ ಕೊಡುವ ಆಯೇರಿಯ ದುಡ್ಡನ್ನೂ ಸೊನ್ನೆಗೆ ನಿಲ್ಲಿಸದವರು ನಾವು. ಅಪಶಕುನ ಯಾಕೆಂದು ಕೊನೆಯ ಸೊನ್ನೆ ಹೊಡೆದು ಒಂದು ಬರೆದೆ. ಐನೂರ ಒಂದು ಅನ್ನುವುದು ತೊಟ್ಟಿಲ ಕೌದಿಯ ನಂಬರಂತೆ. ಸೊಸೆ ಕಟ್ಟು ಬಿಚ್ಚದೆ ನಂಬರು ನೋಡಿ ದೊಡ್ಡದನ್ನೇ ಕಳಿಸಿದಳು. ಕೂಸಿಗೆಂದು ತರಿಸಿದವರು ಬೈದು ವಾಪಸ್ ಕಳಿಸಿದರು.

"ನಂಬರ್ ಬರಿಯಾಕ ಬರಂಗಿಲ್ಲೇನ್ರಿ ನಿಮಗ? ನಾಳಿಂದ ಬರಬ್ಯಾಡ್ರಿ," ಎಂದು ಸೊಸೆ ಆಕೆಯ ಮೇಲೆ ಹರಿಹಾಯ್ದಳು.

"ನಾ ಸರಿನೇ ಬರದಿದ್ದೆ. ಅಮ್ಮಾ, ನೀವ್ ಇಲ್ಲೇ ಕುಂತಿದ್ರಲ್ಲಾ, ಹೇಳ್ರಿ."

"ನನಗೇನ್ ಓದಾಕ ಬರ್ತದೇನವ್ವಾ?" ಅಂದೆ.

ಅಕ್ಷರ ಬರುವುದಿಲ್ಲ, ನಿಜ. ಅಂಕಿ ಚೆನ್ನಾಗಿ ಬರುತ್ತವೆ. ಆಕೆ ಚಪ್ಪಲಿ ಮೆಟ್ಟಿಕೊಂಡು ಹೋದಳು. ಈಗ ನಳದ ಹತ್ತಿರ ಕಂಡರೆ ನಾನೇ ಮುಖ ತಿರುಗಿಸುತ್ತೇನೆ.