ಮಣ್ಣುರಸ್ತೆಗೆ ಉಪ್ಪು ಹಾಕಿಸಿದ ಓವರ್‌ಸಿಯರ್

ಅವರ ಬಲಗೈಯ ಹೆಬ್ಬೆರಳಿಗೆ ಉಗುರಿರಲಿಲ್ಲ. ಜಲ್ಲಿ ಒಡೆಯುವ ಸುತ್ತಿಗೆ ತಗುಲಿ ಹೋದದ್ದೆಂದು ಹೇಳುತ್ತಿದ್ದರು. ಆ ಬೋಳು ಬೆರಳಿನಿಂದಲೇ ರಸ್ತೆಯ ಮಣ್ಣನ್ನು ಒತ್ತಿ ನೋಡಿ, ಅದು ಮುಂದಿನ ಮಳೆಗೆ ನಿಲ್ಲುವುದೋ ಕೊಚ್ಚಿಹೋಗುವುದೋ ಎಂದು ತೀರ್ಮಾನಿಸುತ್ತಿದ್ದರು. ಅವರು ನಿವೃತ್ತ ಓವರ್‌ಸಿಯರ್. ಐವತ್ತರ ದಶಕದ ಕೊನೆಯಲ್ಲಿ ನಾನೂ ನನ್ನ ಪತ್ನಿಯೂ ಜಯನಗರದಲ್ಲಿ ಬಾಡಿಗೆಗಿದ್ದ ಮನೆಯ ಮಾಲೀಕರು. ಸದರಿಯವರ ವಿಷಯವಾಗಿ ನನಗೆ ತಿಳಿದಿರುವಷ್ಟನ್ನು ಉತ್ಪ್ರೇಕ್ಷೆಯಿಲ್ಲದೆ ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ಬಡಾವಣೆ ಆಗ ಹೊಸತು. ರಸ್ತೆಗಳಿಗೆ ಡಾಂಬರು ಬಿದ್ದಿರಲಿಲ್ಲ. ನಮ್ಮ ಬೀದಿಯ ಚರಂಡಿಗಳನ್ನು ಅವರೇ ಮುಂದೆ ನಿಂತು ತೆಗೆಸಿದ್ದರು. "ಮೊದಲು ನೀರಿಗೆ ದಾರಿ ಬಿಡಿ, ಆಮೇಲೆ ಮನುಷ್ಯರಿಗೆ" ಎಂಬುದು ಅವರ ಮಾತು. ಎಂಥ ಮಳೆ ಬಂದರೂ ನೀರು ನಿಲ್ಲದೆ ಇಳಿಜಾರಿನ ಕಾಲುವೆಯನ್ನು ಸೇರುತ್ತಿತ್ತು. ಕೆಳಗಿನ ಹಳ್ಳಿಯ ಒಬ್ಬ ಹೆಂಗಸು ಆ ಕಾಲುವೆಯ ನೀರಿನಲ್ಲಿ ಸೊಪ್ಪು ಬೆಳೆದು ನಮ್ಮ ಬೀದಿಗೇ ತಂದು ಮಾರುತ್ತಿದ್ದರು. ಅವರನ್ನು ಎಲ್ಲರೂ ಸೊಪ್ಪಿನಮ್ಮ ಎನ್ನುತ್ತಿದ್ದರು.

ನನ್ನ ಪತ್ನಿಗೆ ಉಬ್ಬಸವಿತ್ತು. ಬೇಸಿಗೆಯಲ್ಲಿ ಒಂದು ಎತ್ತಿನಗಾಡಿ ಹೋದರೂ ಏಳುವ ಕೆಂಪು ಧೂಳಿಗೆ ಆಕೆ ಕಿಟಕಿ ಮುಚ್ಚಿ ಗೋಡೆಗೊರಗಿ ಕುಳಿತುಬಿಡುತ್ತಿದ್ದಳು. ಆಕೆಯನ್ನು ಮಗು ಎಂದೇ ಕರೆಯುತ್ತಿದ್ದ ಓವರ್‌ಸಿಯರ್ ಒಂದು ಬೆಳಿಗ್ಗೆ, "ಆ ಮಗು ಉಸಿರೆಳೆಯೋದು ಕೇಳಕ್ಕಾಗ್ತಿಲ್ಲ ಕಣ್ರೀ" ಎಂದವರೇ ಪೇಟೆಗೆ ಹೊರಟರು. ಮಂಡಿಯಲ್ಲಿ ಮಣ್ಣು ಬೆರೆತು ಮಾರಾಟಕ್ಕೆ ಬಾರದೆ ಉಳಿದಿದ್ದ ಉಪ್ಪನ್ನು ಗಾಡಿಗಳಲ್ಲಿ ತರಿಸಿ, ರಸ್ತೆಗೆ ಹರಡಿ, ನೀರು ಚಿಮುಕಿಸಿ, ರೋಲರ್ ಎಳೆಸಿದರು. ಉಪ್ಪು ತೇವವನ್ನು ಹಿಡಿದಿಡುವುದರಿಂದ ಧೂಳು ಏಳುವುದಿಲ್ಲ ಎಂಬುದು ಅವರ ಲೆಕ್ಕ. ಹಾಗೆಯೇ ಆಯಿತು. ಆ ಬೇಸಿಗೆ ನನ್ನ ಪತ್ನಿ ಕಿಟಕಿ ತೆರೆದಿಟ್ಟು ಮಲಗಿದಳು.

ಮೊದಲ ಮಳೆಗಳು ಬಿದ್ದ ಮೇಲೆ ಸೊಪ್ಪಿನಮ್ಮ ಬಂದು, ಅಂಚು ಸುಟ್ಟು ಮುರುಟಿದ್ದ ಒಂದು ಕಂತೆಯನ್ನು ಓವರ್‌ಸಿಯರ್ ಅವರ ಜಗುಲಿಯ ಮೇಲೆ ಹಾಕಿದರು.

"ನೋಡಿ ಸ್ವಾಮಿ. ದಂಟು ಬಿತ್ತಿದ್ದೆ, ಉಪ್ಪಿನಕಾಯಿ ಬೆಳೆದೈತೆ."

"ಬಿಸಿಲಿಗೆ ಸುಟ್ಟಿರ್ಬೇಕು ಬಿಡಮ್ಮ."

"ಮಳೆ ಬಿದ್ಮೇಲೆ ಎಂಥ ಬಿಸಿಲು? ಹಸೂನೂ ಕಾಲ್ವೆ ನೀರು ಮೂಸಿ ವಾಪಸ್ ಬಂತು. ಉಪ್ಪು ತಿಂದೋರು ನೀರು ಕುಡೀಬೇಕು ಅಂತಾರೆ. ತಿಂದಿದ್ದು ನಿಮ್ ಬೀದಿ, ಕುಡಿಯೋದು ನನ್ ತೋಟವಾ?"

ಓವರ್‌ಸಿಯರ್ ಜಗುಲಿಯಿಂದ ಎದ್ದರು. ಚೊಂಬು ಹಿಡಿದು ಕಾಲುವೆಗೆ ಇಳಿದು ನೀರು ತಂದರು. ಬಚ್ಚಲೊಲೆಯ ಮೇಲೆ ಬಾಣಲೆಯಿಟ್ಟು ಆ ನೀರು ಇಂಗುವವರೆಗೂ ಕುದಿಸಿದರು. ತಳದಲ್ಲಿ ಉಳಿದ ಬಿಳಿಯ ಚಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ ನಾಲಿಗೆಗೆ ಇಟ್ಟುಕೊಂಡರು.

"ನಾನು ತೆಗೆಸಿದ ಚರಂಡಿ ಒಂದು ಹನೀನೂ ಪೋಲು ಮಾಡಿಲ್ಲ ಕಣ್ರೀ. ಎಲ್ಲಾ ಆಕೆ ತೋಟಕ್ಕೇ ಮುಟ್ಟಿಸಿದೆ" ಎಂದರು.

ಅಷ್ಟರಲ್ಲಿ ಬೀದಿಯವರು ಬಂದು, ಉಪ್ಪು ಮಳೆಗೆ ಕರಗಿದೆ, ಮತ್ತೆ ಹಾಕಿಸಬೇಕೆಂದು ಕೋರಿದರು. ಓವರ್‌ಸಿಯರ್ ಒಪ್ಪಲಿಲ್ಲ.

"ಒಬ್ಬ ಸೊಪ್ಪಿನವಳಿಗೋಸ್ಕರ ಇಡೀ ಬೀದಿ ಧೂಳು ಕುಡೀಬೇಕಾ ಸಾರ್?" ಎಂದು ಮೂಲೆಮನೆಯವರು ಕೇಳಿದರು.

ಓವರ್‌ಸಿಯರ್ ನಮ್ಮ ಕಿಟಕಿಯತ್ತ ತಿರುಗಿ, "ಏನಮ್ಮ, ಕಷ್ಟ ನಿನ್ನದು. ನೀನು ಹೇಳು" ಎಂದರು.

"ನಾನು ಕಿಟಕಿ ಮುಚ್ಕೋಬಹುದು ಮಾವ. ಸೊಪ್ಪಿನಮ್ಮ ಕಾಲುವೇನ ಹೇಗೆ ಮುಚ್ತಾರೆ?" ಎಂದಳು ನನ್ನ ಪತ್ನಿ.

ಮರುದಿನವೇ ಆಳುಗಳನ್ನು ಕರೆಸಿ ರಸ್ತೆಯ ಮೇಲ್ಪದರವನ್ನು ಕೆರೆಸಿದರು. ತೆಂಗಿಗೆ ಉಪ್ಪು ಒಗ್ಗುತ್ತದೆಂದು ಆ ಮಣ್ಣನ್ನು ಮರವಿದ್ದ ಮನೆಗಳಿಗೆ ಸ್ವಲ್ಪಸ್ವಲ್ಪವಾಗಿ ಹಂಚಿದರು. ಮಳೆಗಾಲ ಕಾಲುವೆಯನ್ನು ತೊಳೆಯುವವರೆಗೆ ಸೊಪ್ಪಿನಮ್ಮನ ತೋಟಕ್ಕೆ ತಮ್ಮ ಬಾವಿಯಿಂದ ನೀರು ಕೊಟ್ಟರು. ಮುಂದಿನ ಬೇಸಿಗೆಯಿಂದ, ತಗಡಿನ ಡಬ್ಬದ ತಳಕ್ಕೆ ತೂತು ಕೊರೆದು, ನಮ್ಮ ಮನೆಯ ಮುಂದಿನ ರಸ್ತೆಗೆ ಬೆಳಿಗ್ಗೆ ಸಂಜೆ ತಾವೇ ನೀರು ಚಿಮುಕಿಸತೊಡಗಿದರು. ನಾನು ಡಬ್ಬ ಕೇಳಿದರೆ, "ಆಫೀಸಿಗೆ ಹೊತ್ತಾಯ್ತು, ಹೊರಡ್ರೀ" ಎಂದು ಗದರುತ್ತಿದ್ದರು.

ಕೆಲವು ವರ್ಷಗಳ ತರುವಾಯ, ಬೀದಿಗೆ ಡಾಂಬರು ಬರುವ ಮುನ್ನ, ಒಂದು ಬೇಸಿಗೆಯಲ್ಲಿ ಅವರು ತೀರಿಕೊಂಡರು. ಜನ ಬಹಳ ಸೇರಿದ್ದರು. ಶವ ಎತ್ತುವ ಮೊದಲು ಸೊಪ್ಪಿನಮ್ಮ ತಮ್ಮ ಮಕ್ಕಳೊಡನೆ ಬಂದು, ಯಾರನ್ನೂ ಕೇಳದೆ, ಆ ಮನೆಯ ಬಾವಿಯಿಂದ ನೀರು ಸೇದಿ, ಬೀದಿಯ ಉದ್ದಕ್ಕೂ ಚೆಲ್ಲುತ್ತಾ ಹೋದರು. ಅಷ್ಟು ಕಾಲುಗಳು ನಡೆದರೂ ಧೂಳು ಏಳಲಿಲ್ಲ. ನನ್ನ ಪತ್ನಿ ಗೇಟಿನ ಬಳಿ ನಿಂತು, ಮೂಗಿಗೆ ಸೆರಗು ಹಿಡಿಯದೆ, ಹೆಗಲುಗಳ ಮೇಲೆ ಹೊರಟ ಓವರ್‌ಸಿಯರ್ ಅವರನ್ನು ಬೀದಿಯ ತಿರುವಿನವರೆಗೂ ನೋಡಿದಳು.