ಫೋನ್ ಇಡಬೇಕಾದ ಹೊತ್ತು

ಕೋವಿಡ್ ಹಾವಳಿ ತಣ್ಣಗಾದ ಮರುವರ್ಷ ನಾನು ಕೊಪ್ಪಳದಲ್ಲಿ ಡಿಸ್ಪ್ಯಾಚರ್ ಆಗಿ ಕೆಲಸಕ್ಕೆ ಸೇರಿದೆ. ಐದು ಆಂಬುಲೆನ್ಸ್ ಓಡಿಸುತ್ತಿದ್ದ ಸಣ್ಣ ಟ್ರಸ್ಟ್ ಅದು. ಹೆಸರು ಇಲ್ಲಿ ಬೇಡ. ಕರೆ ಬಂದರೆ ಏನಾಗಿದೆ, ಎಲ್ಲಿ ಎಂದು ಕೇಳಿ, ಹತ್ತಿರದ ವಾಹನ ಕಳಿಸಿ, ಅದು ಮುಟ್ಟುವವರೆಗೆ ರೋಗಿಯನ್ನು ಹೇಗೆ ನೋಡಿಕೊಳ್ಳಬೇಕೆಂದು ತಿಳಿಸುವುದು ಡಿಸ್ಪ್ಯಾಚರ್ ಕೆಲಸ.

ನಾನು ಇರಕಲ್ಲಗಡದ ಟೇಲರ್ ಮಗಳು. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ. ಗಂಗಾವತಿಯ ಅಕ್ಕಿ ಗಿರಣಿಯೊಂದರ ಆಫೀಸಿನಲ್ಲಿ ನಾಲ್ಕು ವರ್ಷ ದುಡಿದು, ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನ ರೈತರಿಂದ ತೆಲುಗೂ ಕಲಿತಿದ್ದೆ. ಈ ಮೂರು ಭಾಷೆಗಳ ಬಲದಿಂದಲೇ ಸಂದರ್ಶನಕ್ಕೆ ಕರೆದರು. "ಮಾತಾಡಾಕ ಪಗಾರ ಕೊಡ್ತಾರಂದ್ರ ನಮ್ಮ ರೇಷ್ಮಾನ್ನ ಬಿಟ್ಟು ಮತ್ಯಾರಿಗೆ ಸಿಗಬೇಕು" ಎಂದು ಓಣಿಯ ಹೆಂಗಸರು ನಕ್ಕಿದ್ದರು.

ಸಂದರ್ಶನ ಮಾಡಿದವರು ಮ್ಯಾನೇಜರ್ ಪಾಟೀಲ ಸರ್. ಕುಷ್ಟಗಿಯವರು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು, ಮಾತು ಕಡಿಮೆ. ಊರು, ದಾರಿ, ಕಾಲುವೆಗಳ ಬಗ್ಗೆ ಕೇಳಿದ್ದಕ್ಕೆಲ್ಲ ಪಟಪಟನೆ ಹೇಳಿದೆ. ಕೊನೆಗೆ ಒಂದು ಪ್ರಶ್ನೆ ಉಳಿಯಿತು.

"ಫೋನ್ ಮಾಡಿದಾಕಿ ಅಳಾಕತ್ತಾಳ, ಫೋನ್ ಇಡಬ್ಯಾಡ್ರಿ ಅಂತಾಳ. ಏನ್ ಮಾಡ್ತಿ?"

"ಇಡೂದಿಲ್ರಿ ಸರ್."

"ಈ ಉತ್ತರ ತಪ್ಪು," ಎಂದರು ಅವರು. ಕೆಲಸ ಸಿಗಲಿಲ್ಲವೆಂದು ಎದ್ದು ನಿಂತೆ. "ಕುಂದ್ರು. ಉತ್ತರ ತಪ್ಪಾದ್ರೂ ಇಂಥಾ ಮನುಷ್ಯಾ ಬೇಕು. ನಾಳಿಂದ ಬಾ."

ಅದು ಯಾಕೆ ತಪ್ಪು ಎಂಬುದನ್ನು ಅವರು ತರಬೇತಿಯಲ್ಲಿ ಹೇಳಿಕೊಟ್ಟರು, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೂ ಇದ್ದೆ. ದಾರಿ ತಿಳಿಯದಿದ್ದರೆ ಡ್ರೈವರ್ ಫೋನ್ ಮಾಡುವುದು ಕರೆ ಮಾಡಿದವರಿಗೇ. ಅವರ ಫೋನ್ ಖಾಲಿ ಇರಬೇಕು. ಹೇಳುವುದು ಮುಗಿದ ಕೂಡಲೇ ನಾವು ಇಟ್ಟುಬಿಡಬೇಕು. ಮೂವರನ್ನು ಒಂದೇ ಕರೆಯಲ್ಲಿ ಸೇರಿಸುವ ವ್ಯವಸ್ಥೆ ಆಗ ನಮ್ಮಲ್ಲಿರಲಿಲ್ಲ.

ಎರಡು ತಿಂಗಳು ಹೀಗೇ ನಡೆಯಿತು. ಕಡಲೆ ಕೊಯ್ದು ರಾಶಿ ಮಾಡುವ ಕಾಲ ಬಂತು. ಒಂದು ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ ಬೇವೂರಿನ ಕಡೆಯ ಹೊಲವೊಂದರಿಂದ ಕರೆ ಬಂತು.

"ಅಕ್ಕಾರ, ನಮ್ಮನಿಯವರು ಎದಿ ಹಿಡಕೊಂಡು ಕುಂತಾರ್ರಿ. ಮೈಯೆಲ್ಲಾ ಬೆವತೈತಿ. ಹೊಲದಾಗ ನಾವಿಬ್ಬರ ಅದೀವ್ರಿ."

ಅವಳ ಹೆಸರು ಶಾಂತವ್ವ. ಗಂಡನಿಗೆ ನಲವತ್ತೆರಡು ವರ್ಷ. ಹತ್ತಿರದ ವಾಹನ ಯಲಬುರ್ಗಾದಲ್ಲಿತ್ತು, ಡ್ರೈವರ್ ಬಸಣ್ಣ. ಅವಳ ನಂಬರನ್ನು ಚೀಟಿಯಲ್ಲಿ ಬರೆದು ಪಕ್ಕದ ಮೇಜಿನ ಡಿಸ್ಪ್ಯಾಚರ್‌ಗೆ ಸರಿಸಿದೆ. ಅಲ್ಲಿಂದ ಬಸಣ್ಣನಿಗೆ ಸುದ್ದಿ ಹೋಯಿತು. ಅಂಗಿಯ ಗುಂಡಿ ಬಿಚ್ಚಿ, ನೆರಳಿನಲ್ಲಿ ಒರಗಿಸಿ ಕೂರಿಸಿ, ನಡೆಸಬೇಡಿ ಎಂದೆ. ಅವನಿಗೆ ಉಸಿರಿತ್ತು, ಮಾತೂ ಇತ್ತು. ಮೂರು ನಿಮಿಷದಲ್ಲಿ ನಾನು ಹೇಳಬೇಕಾದದ್ದು ಮುಗಿದಿತ್ತು.

"ಫೋನ್ ಮಾತ್ರ ಇಡಬ್ಯಾಡ್ರಿ ಅಕ್ಕಾರ. ನನಗ ಭಾಳ ಅಂಜಿಕಿ ಆಗಾಕತ್ತೈತಿ."

ಇಡಲಿಲ್ಲ. ಕೇಳಿದಳೆಂದು ನಿಯಮ ಮೀರಿ ನನ್ನ ಹೆಸರನ್ನೂ ಹೇಳಿದೆ. ಮಕ್ಕಳು ಯಾವ ಶಾಲೆಯಲ್ಲಿದ್ದಾರೆ, ರಾಶಿ ಎಷ್ಟಾಯಿತು ಎಂದು ಕೇಳುತ್ತಾ ಹೋದೆ. ಅವಳ ದನಿ ನಿಧಾನಕ್ಕೆ ಹದಕ್ಕೆ ಬಂತು. ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂದು ಒಳಗೊಳಗೇ ಹೆಮ್ಮೆ ಪಟ್ಟುಕೊಂಡೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ನಡುವೆ ಅವಳೊಮ್ಮೆ, "ಕಿವ್ಯಾಗ ಏನೋ ಟುಕ್ ಟುಕ್ ಅನ್ನಾಕತ್ತೈತ್ರಿ," ಎಂದಳು.

"ಚಾರ್ಜ್ ಕಡಿಮಿ ಆಗಿರಬೇಕು, ನೀವು ಹೆದರಬ್ಯಾಡ್ರಿ," ಎಂದೆ.

ಅದು ಬಸಣ್ಣನ ಕರೆ ಎಂದು ಆಮೇಲೆ ತಿಳಿಯಿತು. ಬೇವೂರು ದಾಟಿ ಕೆರೆಯ ಹತ್ತಿರ ಬಂಡಿದಾರಿ ಎರಡಾಗುತ್ತದೆ. ಅಲ್ಲಿ ನಿಂತು ಅವನು ಶಾಂತವ್ವನಿಗೆ ಫೋನ್ ಮಾಡಿದ್ದ, ಬಿಜಿ. ಮತ್ತೆ ಮಾಡಿದ, ಬಿಜಿ. ಆಫೀಸಿಗೆ ಮಾಡಿದ. ನನ್ನ ಲೈನ್ ಬಿಜಿ, ಪಕ್ಕದ ಮೇಜಿನವರು ಹೆದ್ದಾರಿಯ ಅಪಘಾತವೊಂದರ ಕರೆಯಲ್ಲಿದ್ದರು. ಅಂದಾಜಿನ ಮೇಲೆ ಎಡದಾರಿ ಹಿಡಿದು, ಹೊಲವೊಂದರಲ್ಲಿ ದಾರಿ ಮುಗಿದಾಗ ತಿರುಗಿ ಬಂದ. ಕೊನೆಗೆ ಪಾಟೀಲ ಸರ್ ಮೊಬೈಲಿಗೆ ಮಾಡಿದ. ಅವರು ಕ್ಯಾಬಿನ್ನಿನಿಂದ ಓಡಿಬಂದು, ನನ್ನನ್ನು ಏನೂ ಕೇಳದೆ, ಕೈ ಚಾಚಿ ನನ್ನ ಲೈನ್ ಕಡಿದರು. ಮರುಕ್ಷಣ ಬಸಣ್ಣನಿಗೆ ಶಾಂತವ್ವ ಸಿಕ್ಕಳು, ಬಲದಾರಿ ಎಂದಳು. ಅಷ್ಟರಲ್ಲಿ ಹನ್ನೊಂದು ನಿಮಿಷ ಹೋಗಿತ್ತು.

ಆಸ್ಪತ್ರೆ ಮುಟ್ಟುವ ಮೊದಲೇ ಅವಳ ಗಂಡ ತೀರಿಕೊಂಡ.

ಸಂಜೆ ನಾನೇ ಆ ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿ, ಹನ್ನೊಂದು ನಿಮಿಷ ಮೊದಲು ಬಂದಿದ್ದರೆ ಉಳಿಯುತ್ತಿದ್ದನೇ ಎಂದು ಕೇಳಿದೆ. "ಅದನ್ನ ಹೇಳಾಕ ಬರೂದಿಲ್ಲಮ್ಮ," ಎಂದರು. ಇಲ್ಲ ಎಂದಿದ್ದರೆ ನಿದ್ದೆ ಬರುತ್ತಿತ್ತೇನೋ. ಮರುದಿನ ರಾಜೀನಾಮೆ ಬರೆದು ಒಯ್ದೆ. ಪಾಟೀಲ ಸರ್ ಅದನ್ನು ಓದಿ ಮಡಚಿ ವಾಪಸ್ ಕೊಟ್ಟರು. "ನೀ ಬಿಟ್ಟು ಹೋದ್ರ ನಿನ್ನ ಕುರ್ಚಿಗೆ ಮತ್ತೊಬ್ಬಾಕಿ ಬರ್ತಾಳ. ಆಕಿನೂ ಇಡೂದಿಲ್ಲ. ನೀ ಇದ್ರ ಇಡ್ತಿ. ಹೋಗು, ಕುಂದ್ರು."

ತಿಂಗಳ ಮೇಲೆ ಶಾಂತವ್ವ ಆಫೀಸಿಗೆ ಫೋನ್ ಮಾಡಿ ರೇಷ್ಮಾ ಬೇಕು ಎಂದಳಂತೆ. ಫೋನ್ ಕೈಗೆ ತೆಗೆದುಕೊಂಡೆ.

"ಉಪಕಾರ ಆತ್ರಿ ಅಕ್ಕಾರ. ಅಷ್ಟೊತ್ತು ನೀವ್ ಫೋನ್ ಇಡ್ಲಿಲ್ಲ. ನೀವಿದ್ರಿ ಅಂತ ನಾ ಗಟ್ಟಿ ಇದ್ದೆ."

ಸುಮ್ಮನೆ ಕೇಳಿಸಿಕೊಂಡು ಮುಗಿಸಬಹುದಿತ್ತು, ಆಗಲಿಲ್ಲ. ಕೆರೆ, ಎರಡು ದಾರಿ, ಟುಕ್ ಟುಕ್ ಎಂದದ್ದು ಯಾರ ಕರೆ, ಎಲ್ಲ ಹೇಳಿದೆ. ತಪ್ಪು ನನ್ನದು ಎಂದೆ.

"ಇಡಬ್ಯಾಡ್ರಿ ಅಂದಾಕಿ ನಾನ ಅಲ್ರಿ?" ಎಂದಳು.

ಅವಳ ಬೈಗುಳಕ್ಕೆ ಸಿದ್ಧಳಾಗಿದ್ದೆ, ಈ ಪ್ರಶ್ನೆಗಲ್ಲ. ನನ್ನ ಭಾರ ಇಳಿಸಿಕೊಳ್ಳಲು ಹೋಗಿ ಅವಳ ತಲೆಯ ಮೇಲೆ ಇಟ್ಟಿದ್ದೆ.

"ಶಾಂತವ್ವ, ಅಂಜಿಕಿ ಆದವರು ಕೇಳ್ತಾರ. ಕೇಳಬೇಕು. ಆದ್ರೂ ಇಡೂದು ನನ್ನ ಕೆಲಸಾಗಿತ್ತು. ಅದಕ್ಕ ನನಗ ಪಗಾರ ಕೊಡ್ತಾರ. ನಿನ್ನ ತಪ್ಪು ಏನೇನೂ ಇಲ್ಲ."

ಅವಳು ಅತ್ತಳು, ನಾನೂ ಅತ್ತೆ. ಆಮೇಲೆ ಅವಳೇ ಮೂಗು ಒರೆಸಿಕೊಂಡು, "ಈಗ ಇಡ್ರಿ ಅಕ್ಕಾರ. ಯಾರರ ಫೋನ್ ಹಚ್ಚಾಕತ್ತಿರತಾರ," ಎಂದಳು.

ಇಟ್ಟೆ.

ಪಾಟೀಲ ಸರ್ ಈಗಿಲ್ಲ. ಹೊಸಬರ ಸಂದರ್ಶನಕ್ಕೆ ನಾನೇ ಕೂರುತ್ತೇನೆ, ಅವರ ಪ್ರಶ್ನೆಯನ್ನೇ ಕೇಳುತ್ತೇನೆ. ಅಳುವವರ ಫೋನನ್ನು ತಟ್ಟನೆ ಇಡುತ್ತೇನೆ ಎಂದವರನ್ನು ನಾನು ಆರಿಸುವುದಿಲ್ಲ. ಇಡುವುದಿಲ್ಲ ಎಂದವರನ್ನು ಆರಿಸಿ, ಮೊದಲ ದಿನ ಎದುರಿಗೆ ಕೂರಿಸಿಕೊಂಡು ಶಾಂತವ್ವನ ಸಂಗತಿ ಹೇಳುತ್ತೇನೆ. ಕರುಣೆಯನ್ನು ನನಗೆ ಕಲಿಸಲು ಬರುವುದಿಲ್ಲ, ಕರುಣೆಯಿಂದಲೇ ಫೋನ್ ಇಡುವುದನ್ನು ಕಲಿಸಬಲ್ಲೆ.