ಅಮ್ಮ ಓಗೊಡದ ಐದು ಸೆಕೆಂಡು

ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ನನ್ನದು ಸಿಟಿ ಸ್ಕ್ಯಾನ್ ತೆಗೆಯುವ ಕೆಲಸ. ಅರಬಿ, ಹಿಂದಿ, ಮಲಯಾಳ ಎಂದು ಬಂದ ಭಾಷೆಯಲ್ಲೆಲ್ಲ ಜನರಿಗೆ "ಉಸಿರು ಹಿಡಿದುಕೊಳ್ಳಿ" ಎಂದಿದ್ದೇನೆ. ಅಮ್ಮನಷ್ಟು ನನ್ನನ್ನು ಸತಾಯಿಸಿದವರು ಯಾರೂ ಇಲ್ಲ.

ಅಮ್ಮ ಉಡುಪಿಯಿಂದ ವಿಮಾನದಲ್ಲಿ ನಮ್ಮ ಅಲ್ ಖೌದ್ ಮನೆಗೆ ಬಂದ ನಾಲ್ಕನೇ ದಿನ ಅವಳ ಮೀನಖಂಡ ಊದಿತು. ಆರನೇ ದಿನ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿದೆಯೋ ಎಂದು ಡಾಕ್ಟರಿಗೆ ಅನುಮಾನ, ನನಗೆ ಹೆದರಿಕೆ. ಯಂತ್ರ ಸೂಚನೆ ಕೊಡುವುದು ಅರಬಿ ಮತ್ತು ಇಂಗ್ಲಿಷಿನಲ್ಲಿ, ಅಮ್ಮನಿಗೆ ಗೊತ್ತಿರುವುದು ತುಳು ಮತ್ತು ಕನ್ನಡ. ಹಾಗಾಗಿ ಗಾಜಿನ ಈಚೆಯ ಕೋಣೆಯಲ್ಲಿ ಕೂತು ನನ್ನ ಒಮಾನಿ ಸಹೋದ್ಯೋಗಿ ಯಂತ್ರ ನಡೆಸಿದ, ಮೈಕ್ ನಾನು ಹಿಡಿದೆ.

ರಕ್ತನಾಳ ಬೆಳ್ಳಗೆ ಕಾಣುವಂತೆ ಮಾಡುವ ಔಷಧಿಯನ್ನು ಕೈಗೆ ಚುಚ್ಚಿದ್ದಾಯಿತು. "ಅಮ್ಮ, ಉಸಿರು ಹಿಡಿ," ಎಂದೆ.

"ಆಯ್ತು ಮಗಾ, ಹಿಡಿದೆ," ಎಂದಳು ಅಮ್ಮ, ಜೋರಾಗಿ. ಚಿತ್ರ ಪೂರ್ತಿ ಅಲ್ಲಾಡಿಹೋಯಿತು.

ಆ ಔಷಧಿ ಮೂತ್ರಪಿಂಡಕ್ಕೆ ಭಾರ, ಇನ್ನೊಂದೇ ಸಲ ಎಂದರು ಡಾಕ್ಟರು. ನಾನು ಒಳಗೆ ಓಡಿ, ದಯವಿಟ್ಟು ಓಗೊಡಬೇಡ ಎಂದು ಅಮ್ಮನನ್ನು ಬೇಡಿಕೊಂಡೆ.

"ಮಗ ಕರೆದ್ರೆ ಸುಮ್ಮನೆ ಇರ್ಲಿಕ್ಕೆ ಆಗ್ತದಾ ಮಾರಾಯ?"

ನಮ್ಮ ಮನೆಯಲ್ಲಿ ಕರೆದವರಿಗೆ ಓಗೊಡಲಿಲ್ಲವೆಂದರೆ ಜಗಳವಾಗಿದೆ ಎಂದೇ ಅರ್ಥ. ಆಗ ದಾರಿ ಹೊಳೆಯಿತು. ಸಿಟ್ಟು ಬಂದರೆ ಅಮ್ಮ ಬೈಯುವುದಿಲ್ಲ. ಮೂಗಿನಿಂದ ಒಮ್ಮೆ ಉಸಿರೆಳೆದುಕೊಂಡು ತುಟಿ ಬಿಗಿಯುತ್ತಾಳೆ.

ಮತ್ತೆ ಔಷಧಿ ಹೋಯಿತು. "ಯಲ್ಲಾ," ಎಂದು ಅರಬಿಯಲ್ಲಿ ಅವಸರಪಡಿಸಿದ ಸಹೋದ್ಯೋಗಿ. ನಾನು ಮೈಕಿಗೆ ಬಾಯಿಟ್ಟೆ. "ಅಮ್ಮ, ಬಂಗುಡೆ ಗಸಿ ನಿನ್ನದಕ್ಕಿಂತ ನನ್ನ ಹೆಂಡತಿ ಮಾಡುವುದೇ ಒಳ್ಳೆದುಂಟು. ಉಸಿರು ಹಿಡಿ."

ಐದು ಸೆಕೆಂಡು ಅಮ್ಮ ತುಟಿಪಿಟಕ್ಕೆನ್ನಲಿಲ್ಲ. ಚಿತ್ರ ಸ್ವಚ್ಛವಾಗಿ ಬಂತು. ಬೆಳ್ಳಗಿನ ರಕ್ತನಾಳದ ನಡುವೆ ಅಕ್ಕಿಕಾಳಿನಷ್ಟು ಕಪ್ಪು ಇತ್ತು, ಹೆಪ್ಪುಗಟ್ಟಿದ ರಕ್ತ. ಮೊದಲಿನ ಚಿತ್ರದಲ್ಲಿ ಅದು ಕಾಣುತ್ತಲೇ ಇರಲಿಲ್ಲ. ಚಿಕ್ಕದು, ಬೇಗ ಸಿಕ್ಕಿದೆ, ಮಾತ್ರೆಯಲ್ಲೇ ಸರಿಹೋಗುತ್ತದೆ ಎಂದರು ಡಾಕ್ಟರು. ಅಂಥದ್ದೊಂದು ಕಪ್ಪು ಚುಕ್ಕೆ ನೋಡಿ ಕುಣಿಯಬೇಕೆನಿಸಿದ್ದು ನನಗೊಬ್ಬನಿಗೇ ಇರಬೇಕು.

ಒಳಗೆ ಹೋದರೆ ಅಮ್ಮ ಮುಖ ಗೋಡೆಯ ಕಡೆ ತಿರುಗಿಸಿ ಮಲಗಿದ್ದಳು. ವಿಷಯ ಹೇಳಲು ಬಾಯಿ ತೆರೆದರೆ ಅಳುವೇ ಬಂತು. ಹೇಗೋ ಹೇಳಿ ಮುಗಿಸಿದೆ. ಅಮ್ಮ ಈ ಕಡೆ ತಿರುಗಿದಳು. ಕಣ್ಣೊರೆಸಲು ಸೆರಗಿಗೆ ತಡಕಾಡಿ, ಅದು ಸಿಗದೆ, ಆಸ್ಪತ್ರೆಯ ನಿಲುವಂಗಿಯ ತೋಳಿನಿಂದಲೇ ನನ್ನ ಮುಖ ಒರೆಸಿದಳು.

"ರಕ್ತ ಗಟ್ಟಿಯಾದದ್ದು ನಂಗೆ," ಎಂದಳು. "ಅಳುವುದು ನೀನಾ?"